ಬೂದಿ ಬಳಿದ ಏಳು ಬೀಜ

ಈಶಪ್ಪನ ಮ್ಯಾಂಗೊಸ್ಟಿನ್ ಬೀಜ ಮೊಳೆತ ರಭಸಕ್ಕೆ ಸಗರದ ಕಾಲುವೆ ನೀರು ಹಿಮ್ಮುಖವಾಗಿ ಹರಿದು, ಮೂರು ದಿನ ಡ್ಯಾಮಿನ ಗೇಟು ಬಡಿದಿತ್ತು. ಹೋಟೆಲಿನ ಪರಮಣ್ಣನ ಮುಂದೆ ಅವನು ಹೇಳಿದ್ದೇ ಹಾಗೆ. ಏಳಕ್ಕೆ ಏಳೂ ಹುಟ್ಟಿವೆ, ಒಂದಂತೂ ತೊಲೆಗೆ ತಲೆ ತಾಗಿಸಿದೆ ಎಂದೂ ಸೇರಿಸಿದ್ದ.

ಕಾಲುವೆಯ ತೂಬು ನೋಡಿಕೊಳ್ಳಲು ರಂಗಂಪೇಟೆಯಿಂದ ಆ ವರ್ಷವೇ ಸಗರಕ್ಕೆ ಬಂದವನು ಈಶಪ್ಪ. ಕೇರಳದ ಲಾರಿಯವನೊಬ್ಬ ಕೊಟ್ಟ ಮ್ಯಾಂಗೊಸ್ಟಿನ್ ಹಣ್ಣು ತಿಂದು, ಬೀಜವನ್ನು ತೊಗರಿಯಂತೆ ತಗಡಿನ ಮೇಲೆ ಎಂಟು ದಿನ ಒಣಗಿಸಿ ಬೂದಿ ಬಳಿದಿದ್ದ. ಊರಿಗೆಲ್ಲ ಸಸಿ ಎಬ್ಬಿಸಿ ಕೊಡುವ ಪಕ್ಕದ ಮನೆಯ ಮುದುಕಿ ಸುಗಲಮ್ಮ ಗೋಡೆಯಾಚೆಯಿಂದ ಅಂದೇ ಎಚ್ಚರಿಸಿದ್ದಳು.

“ತಮ್ಮಾ, ಹಲಸಿನ ಬೀಜದಂಗ ಮೆತ್ತಗದ ಇದು. ಹಸಿ ಇದ್ದಾಗಷ್ಟ ಜೀವ. ಬಿಸಲಾಗ ಕೊಂದು ಹುಗಿಬ್ಯಾಡ. ಸತ್ತದ್ದು ಮನ್ಯಾಗ ಹುಗದ್ರ ಕೇಡು ತಪ್ಪಂಗಿಲ್ಲ.”

“ಆಯಿ, ನಮ್ಮಪ್ಪ ಬೂದಿ ಬಳದ ತೊಗರಿ ಬಿತ್ತೇ ನನ್ನ ಸಾಕ್ಯಾನ. ನೀ ನಿನ್ನ ಬದನಿ ಸಸಿ ಕೇಡು ನೋಡ್ಕೋ ಹೋಗು.”

ಬೀಜ ಹೂತು ತಿಂಗಳು ಕಳೆದರೂ ಕೋಣೆಯ ಏಳು ಕುಂಡಗಳು ಕಣ್ಣು ಬಿಡಲಿಲ್ಲ. ಸುಗಲಮ್ಮ ಕೆಮ್ಮಿದರೂ ಈಶಪ್ಪನಿಗೆ ನಕ್ಕಂತೆ ಕೇಳುತ್ತಿತ್ತು. ಹಲ್ಲು ಕಡಿಯುತ್ತ ಕೂರುತ್ತಿದ್ದ. ಅಷ್ಟರಲ್ಲಿ ಪರಮಣ್ಣ ಅಂದ, “ನಾಳಿ ಮಧ್ಯಾಹ್ನ ನಾಕ ಮಂದಿ ಬರ್ತೇವಪಾ. ತೊಲಿ ಮುಟ್ಟಿದ ಗಿಡ ನೋಡಬೇಕಲ್ಲ.”

ಮರುದಿನ ಬಂದವರಿಗೆ ಸಿಕ್ಕಿದ್ದು ಹೊಸ್ತಿಲ ಮೇಲೆ ನಡುಗುತ್ತ ಕುಳಿತ ಈಶಪ್ಪ. ಒಳಗೆ ಕಂಡದ್ದನ್ನು ಉಸಿರುಗಟ್ಟಿ ಹೇಳಿದ.

ಕಿಟಕಿ ಮುಚ್ಚಿದ ಕೋಣೆ. ಕೊಳೆತ ಹಣ್ಣಿನ ನಾತ, ಅದರಡಿ ಸುಟ್ಟ ಕೂದಲಿನ ನಾತ. ಕುಂಡದೊಳಗಿಂದ ಉಗುರು ಕೆರೆಯುವ ಸದ್ದು. ಕರ್ರ್. ಕರ್ರ್. ಏಳೂ ಸಸಿ ಒಮ್ಮೆಗೇ ಬಾಗಿದವು. ಕರಿದಾದವು. ಮಣ್ಣೊಳಗೆ ಇಳಿದು ಹೋದವು. ಮಣ್ಣು ಉಬ್ಬಿತು. ಬಾಯಿ ತೆರೆಯಿತು. ಸೂಜಿ ಚುಚ್ಚಿ, ಕುಂಕುಮ ಮೆತ್ತಿ, ಬಿಳಿಕೂದಲು ಸುತ್ತಿದ ಲಿಂಬೆಹಣ್ಣೊಂದನ್ನು ಉಗುಳಿತು.

ಜನ ಒಳಗೆ ಹೋಗಿ ನೋಡಿದರು. ಲಿಂಬೆಹಣ್ಣು ಇತ್ತು. ಕೋಲಿನಿಂದ ಅಂಗಳಕ್ಕೆ ತಳ್ಳಿದರು.

“ಬಿಳಿಕೂದ್ಲ ಯಾರದು?” ಯಾರೋ ಕೇಳಿದರು.

ಈಶಪ್ಪ ಪಕ್ಕದ ಮನೆಯ ಗೋಡೆ ನೋಡಿದ, ಅಷ್ಟೇ.

ಅಷ್ಟೇ ಸಾಕಾಯಿತು. ಸುಗಲಮ್ಮನನ್ನು ಎಳೆದು ತಂದರು. ಅದೇ ಕೋಣೆಗೆ ನೂಕಿದರು. ಕೆಂಡ ಬಂತು. ಮೇಲೆ ಒಣಮೆಣಸಿನಕಾಯಿ ಸುರಿದರು. ಕದ ಹಾಕಿದರು.

“ಒಪ್ಪಗೋ, ಮುದುಕಿ.”

ಕೆಮ್ಮು.

“ಮಾಟ ಮಾಡೇನಿ ಅನ್ನು.”

ಕೆಮ್ಮು. ಆಮೇಲೆ ಅದೂ ಇಲ್ಲ. ಉಗುರು ಕದ ಕೆರೆಯುವ ಸದ್ದು. ಕರ್ರ್. ಕರ್ರ್. ಈ ಸಲ ಎಲ್ಲರಿಗೂ ಕೇಳಿತು. 

ಅಂಗಡಿಯ ಹಜರಾಬೀ ಜನರನ್ನು ಸೀಳಿಕೊಂಡು ಬಂದಳು. ಲಿಂಬೆಹಣ್ಣು ನೋಡಿದವಳೇ ಈಶಪ್ಪನ ಅಂಗಿ ಹಿಡಿದಳು. “ಲಿಂಬಿಹಣ್ಣು, ಕುಂಕುಮ, ಸೂಜಿ ಮುಂಜಾನಿ ನನ್ನ ಅಂಗಡ್ಯಾಗ ಒಯ್ದವ ನೀನ ಅಲ್ಲೇನೋ? ಏ, ಮೊದಲ ಕದ ತಗೀರಿ.”

“ನಾನ ಇಟ್ಟೇನ್ರಿ,” ಎಂದ ಈಶಪ್ಪ. “ಸಸಿನೂ ಇದ್ದಿಲ್ಲ, ಸಪ್ಪಳಾನೂ ಇದ್ದಿಲ್ಲ. ಒಂದೂ ಹುಟ್ಟಿಲ್ರಿ. ಕೂದ್ಲ ಆಕಿ ಅಂಗಳದಾಗ ಆರಿಸಿದೆ. ಆಕಿ ಹೇಳಿದ್ದು ಖರೆ ಆತಲ್ಲ, ಅದ ಸಿಟ್ಟು.”

ಮುದುಕಿಯನ್ನು ಹೊರಗೆ ತಂದು ಕಟ್ಟೆಯ ಮೇಲೆ ಕೂರಿಸಿದರು. ಕಣ್ಣು ತೆರೆದೇ ಇದ್ದವು, ಕೆಂಡದಂತೆ. ಕೈಯಿಂದ ಗಾಳಿ ತಡವಿದಳು.

“ಇಷ್ಟ ಲಗೂ ಕತ್ತಲಾತಲ್ಲ. ಯಾರರ ದೀಪ ಹಚ್ಚರಿ.”

ಮೂರು ಗಂಟೆಯ ಬಿಸಿಲು ಅಂಗಳವನ್ನು ಸುಡುತ್ತಿತ್ತು. ಕದ ಹಾಕಿದ ಕೈಗಳೆಲ್ಲ ಬೆನ್ನ ಹಿಂದೆ ಹೋದವು.

“ಊರಿಗೆಲ್ಲ ಸುಳ್ಳು ಹೇಳಿದಿ,” ಎಂದಳು ಹಜರಾಬೀ. “ಈ ಖರೇನೂ ಆಕಿಗೆ ನೀನ ಹೇಳು.”

ಈಶಪ್ಪ ಮೊಣಕಾಲೂರಿದ. “ಕತ್ತಲಾಗಿಲ್ಲ, ಆಯಿ.”