ಸೆರೆಯಾಳು ನೇಯ್ದ ಬನಶಂಕರಿ

ಮಾವ ತೋಟಪ್ಪ ತೀರಿಕೊಂಡ ಖಬರು ರೋಹನನಿಗೆ ಮುಟ್ಟಿದ್ದು ಬೆಳಗಿನ ಹೊತ್ತು, ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ. ಫೋನಿನಲ್ಲಿ ಹೆಂಡತಿ ಅಂಕಿತಾ ಅಳಲಿಲ್ಲ.

"ಅಪ್ಪ ಹ್ವಾದ್ರು. ರಾತ್ರಿಯೆಲ್ಲಾ ಎಳಿ ಹೊಸೀಕೋತ ನಿಮ್ಮನ್ನ ಕರದ್ರು, ನನಗ ಮುಟ್ಟಗೊಡಲಿಲ್ಲ. ಎಲ್ಲಿ ಓಡಿ ಹೋಗಿದ್ರಿ?"

ಅವನು ಬೆಟಗೇರಿಗೆ ಮರಳುವ ಬಸ್ ಹತ್ತಿದ.

ಹಿಂದಿನ ದಿನ ಮಧ್ಯಾಹ್ನ, ಬೆಟಗೇರಿಯ ಮಾವನ ಮನೆಯಲ್ಲಿ ಅವನು ನಕ್ಕಿದ್ದ. ಮದುವೆಯಾದ ಮೇಲೆ ಮೊದಲ ಸಲ ಬಂದವನಿಗೆ ದೇವರ ಗೂಡಿನಲ್ಲಿ ಕಂಡದ್ದು ಅಂಗೈ ಅಗಲದ ಖಾಕಿ ಬಟ್ಟೆ. ಅದರಲ್ಲಿ ನೇಯ್ದ ಬನಶಂಕರಿ. ತೋಟಪ್ಪನ ತಂದೆ ಹುಚ್ಚೀರಪ್ಪ ಮಹಾಯುದ್ಧದಲ್ಲಿ ಶತ್ರುಗಳ ಕೈಗೆ ಸಿಕ್ಕು, ಮರಳುಗಾಡಿನ ಸೆರೆಯಲ್ಲಿ ನೇಯ್ದದ್ದು. ಸತ್ತ ಜೊತೆಗಾರರ ಅಂಗಿಗಳಿಂದಲೇ ಎಳೆ ಬಿಡಿಸಿಕೊಂಡಿದ್ದ. ಕರ್ಮಾಂತರ ಕಾಣದೆ ಅಲೆಯುತ್ತಿದ್ದ ಆ ಜೀವಗಳನ್ನು, ಸೆರೆಯಲ್ಲಿದ್ದ ಒಬ್ಬ ಮಂತ್ರಗಾರ ಎಳೆಎಳೆಗೂ ಮಂತ್ರ ಹಾಕಿ ದೇವಿಯ ಪಾದಕ್ಕೆ ಕಟ್ಟಿದನಂತೆ.

"ಅಂಚಿನ ಎಳಿ ಮುಟ್ಟಬ್ಯಾಡ್ರಿ ಅಳಿಯಾರ. ಬಿಚ್ಚಿದ್ರ ಅವರು ನಮ್ಮ ಉಸಿರು ಬೇಡ್ತಾರ."

"ಬರ್ಲಿ ಬಿಡ್ರಿ ಮಾವಾರ, ಸೆಲ್ಯೂಟ್ ಹೊಡದು ಚಾ ಕುಡಿಸಿ ಕಳಸ್ತೀನಿ!"

ರೋಹನನೂ ನೇಕಾರರ ಮಗ. ಸೀರೆ ಮಡಚುವ ಮುನ್ನ ಜೋತಾಡುವ ಎಳೆ ಕತ್ತರಿಸುವುದು ಅವನ ಕೈಗೆ ಅಂಟಿದ ರೂಢಿ. ಗಾಜಿನ ಕಟ್ಟು ಹಾಕಿಸಿ ಮಾವನನ್ನು ಮೆಚ್ಚಿಸಬೇಕೆಂದು, ತೋಟಪ್ಪ ಹಿತ್ತಲಿಗೆ ಹೋದಾಗ ಅಂಚಿನ ಎಳೆಗಳಿಗೆ ಕತ್ತರಿ ಆಡಿಸಿದ. ಅಂಕಿತಾ ಪೇಟೆಗೆ ಹೋಗಿದ್ದಳು. ಎಳೆಗಳು ನೆಲಕ್ಕೆ ಉದುರಿದವು.

ಹೊರಗೆ ರಣಬಿಸಿಲು, ಒಳಗೆ ಒಮ್ಮೆಲೇ ಬಾವಿಯ ತಳದ ಕತ್ತಲೆ. ಹಳೆಯ ಬೆವರು, ಒಣಗಿದ ರಕ್ತ, ಕಾದ ಮರಳಿನ ವಾಸನೆ. ಯಾರೂ ಕೂತಿರದ ಮೂಲೆಯ ಮಗ್ಗ ಟಕ್ ಟಕ್ ಎಂದು ಬಡಿಯತೊಡಗಿತು. ನೆಲದ ಎಳೆಗಳು ತೆವಳಿದವು. ಕಾಲು ಹತ್ತಿದವು. ಕೊರಳು ಸುತ್ತಿದವು. ಕಿವಿಯ ಬಳಿ ಯಾರೋ ಏದುಸಿರು ಬಿಟ್ಟರು. ಒಬ್ಬರಲ್ಲ. ಬಹಳ ಜನ.

ತೋಟಪ್ಪ ಓಡಿ ಬಂದ. ಮಗ್ಗದಲ್ಲಿ ಎಳೆ ಕಡಿದಾಗ ನೇಕಾರರು ಮಾಡುವಂತೆ ಬೆರಳಿಗೆ ಬೂದಿ ಹಚ್ಚಿಕೊಂಡ. ಅಳಿಯನ ಕೊರಳಿನ ಎಳೆಗಳನ್ನೆಲ್ಲ ಎಳೆದು ತನ್ನ ಕೈಗೆ ಸುತ್ತಿಕೊಂಡು, ಒಂದೊಂದನ್ನೇ ಅಂಚಿಗೆ ಹೊಸೆಯತೊಡಗಿದ. ಒಂದೊಂದು ಎಳೆ ಕೂಡಿದಂತೆ ಅವನ ಉಸಿರು ಅಷ್ಟಷ್ಟೇ ಕುಗ್ಗಿತು.

"ಇನ್ನೊಂದ್ ತುದಿ ಹಿಡೀರಿ... ಇಬ್ರು ಹಿಡದ್ರ ಇಬ್ರೂ ಉಳೀತೀವಿ... ಬಿಟ್ಟು ಹೋಗಬ್ಯಾಡ್ರಿ..."

ರೋಹನ ಬಾಗಿಲು ತೆಗೆದ. ಓಡಿದ. ತಿರುಗಿ ನೋಡದೆ ಸಿಕ್ಕ ಬಸ್ ಹತ್ತಿದ.

ಈಗ ಮರಳಿ ಬಂದಾಗ ಅಂಗಳದಲ್ಲಿ ಜನ ಸೇರಿದ್ದರು. ನೆರೆಮನೆಯ ಉಳವಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ಡಾಕ್ಟರನ್ನ ಕರಿಯಾಕ ಓಡಿದ್ನಂತ, ಪಾಪ. ಇಂಥಾ ಅಳಿಯಾ ಸಿಗಬೇಕು ನೋಡ್ರಿ."

ಅಲ್ಲವೆನ್ನದೆ ರೋಹನ ಒಳಗೆ ನಡೆದ. ಅಂಕಿತಾ ಅವನನ್ನೇ ನೋಡುತ್ತಿದ್ದಳು. ಅವಳ ಕೈಯಲ್ಲಿದ್ದ ಬಟ್ಟೆಯ ಅಂಚು ಪೂರ್ತಿ ಕೂಡಿತ್ತು. ಖಾಕಿ ಎಳೆಗಳ ಕೊನೆಯಲ್ಲಿ ಹೊಸದೊಂದು ಬಿಳಿಯ ಎಳೆ. ಮಾವನ ಧೋತರದ್ದು.

ಅವನು ಹೆಣದ ಪಾದಕ್ಕೆ ಹಣೆ ಹಚ್ಚಿದ. ಮುಖ ಎತ್ತಲಾಗಲಿಲ್ಲ.

"ತಾಯಿ ಬನಶಂಕರೀ, ಮಾವಾರನ್ನ ಆ ಸೆರಿಯೊಳಗ ಇಡಬ್ಯಾಡವ್ವಾ. ಅವರ ಜೀವಕ್ಕ, ಅವರ ಕೂಡ ಇದ್ದ ಅಷ್ಟೂ ಜೀವಕ್ಕ ಶಾಂತಿ ಕೊಡವ್ವಾ."