ಕಾಸಿಮುವಿನ ಮದುವೆಯ ಜೇನುಗಡಿಗೆ

"ಜೇನು ಹೋಯ್ತು! ಮದ್ವೆನೂ ಹೋಯ್ತು!"

ಬ್ವಾನಾರ್ ಹಾಕಿದ ಈ ಬೊಬ್ಬೆಗೆ ಲುಜೆಂಡಾ ನದಿಯ ನೀರಾನೆಗಳೆಲ್ಲ ಒಮ್ಮೆಲೇ ಮುಳುಗಿ, ನೀರು ದಡ ಮೀರಿ ಹರಿಯಿತು. ವನ್ಯಜೀವಿ ಉದ್ಯಾನದ ಕಾವಲುಮನೆಯ ಹಿಂದಿನ ಮಾವಿನ ಮರಕ್ಕೆ ಕಟ್ಟಿದ್ದ ಜೇನುಗಡಿಗೆಯನ್ನು ಕಾಯಬೇಕಾಗಿದ್ದವನು ಅವನೇ. ಇರುವೆ ಸೀನಿದರೂ ತನಗೆ ಕೇಳುತ್ತದೆಂದು ಸಿಂಹಗಳೆದುರಿಗೂ ಕೊಚ್ಚಿಕೊಂಡವನು! ಮುಂದಿನ ಅಂಗಳದಲ್ಲಿ ಮದುಮಗ ಕಾಸಿಮುವಿನ ತಲೆ ಬೋಳಿಸುತ್ತಾ ಡೋಲು ಬಡಿದರು. ಇವನು ಕುಣಿಯಲು ಓಡಿದ. ಅಷ್ಟರಲ್ಲಿ ಆಗಬಾರದ್ದು ಆಗಿತ್ತು.

ಗಂಡು ತಾನೇ ಹುಡುಕಿ ತಂದ ಜೇನನ್ನು ಹೆಣ್ಣಿನ ತಾಯಿಯ ಕೈಗಿಡದೆ ಅಲ್ಲಿ ಮದುವೆಯಿಲ್ಲ. ಮಳೆಗಾಲ ಹೊಸ್ತಿಲಲ್ಲಿತ್ತು, ಇಂದು ತಪ್ಪಿದರೆ ಮುಂದಿನ ವರ್ಷವೇ.

ಕಾವಲುಗಾರ್ತಿ ಅಸ್ಸಿನಾ ಬಂದಳು. ಆನೆಯ ಲದ್ದಿ ನೋಡಿ ಅದರ ಅಜ್ಜಿಯ ಹೆಸರು ಹೇಳುವವಳೆಂದು ಅವಳನ್ನು ಊರೂರಲ್ಲಿ ಸಾರಿದವನೂ ಈ ಬ್ವಾನಾರನೇ. ಮರದ ಬುಡದಲ್ಲಿ ಗಡಿಗೆಯ ಚೂರುಗಳು, ಸುತ್ತ ಉಗುರಿನ ಗೀರುಗಳು.

"ನೆಲ ಬಗೆದು ಜೇನು ಕದಿಯೋ ತರಕರಡಿ ಕೆಲ್ಸ. ಮದ್ವೆ ಮುಂದಕ್ಕೆ ಹಾಕೋಣ," ಎಂದ ಕಾಸಿಮುವಿನ ತಂದೆ ಅಲೀಫಾ. ಆ ಊರಿಗೆಲ್ಲ ಜೇನುಬೇಟೆಗಾರರು ಅಪ್ಪ, ಮಗ ಇಬ್ಬರೇ.

"ತರಕರಡಿಯಂತೆ! ಮದುಮಗಳು ಅಬೀಬಾನ್ನ ನಂಗೇ ಕೊಡಿ ಅಂತ ಗೋಗರೆದೋನು ಇಲ್ಲೇ ನಿಂತಿದಾನಲ್ಲ," ಎಂದು ಬ್ವಾನಾರ್ ಜೀಪಿನ ಚಾಲಕ ಸೆವೆರೀನುವಿನತ್ತ ತಿರುಗಿದ.

"ಲೋ, ನಂಗೆ ಸಿಕ್ಕಿದ್ರೆ ಮೇಣ ಸಮೇತ ಇಲ್ಲೇ ನುಂಗಿ ಮಲಗಿರ್ತಿದ್ದೆ. ನಾನು ಜೇನು ತಿನ್ನೋದೇ ಹಾಗೆ, ಎಲ್ರಿಗೂ ಗೊತ್ತು!"

ಅಸ್ಸಿನಾ ಚೂರುಗಳನ್ನು ತಿರುವಿ ನೋಡಿದಳು. ಪಕ್ಕದಲ್ಲಿದ್ದ ಹುತ್ತದ ಹಿಂದೆ ಹಸಿರೆಲೆಗಳ ಹಾಸು. ಅದರ ಮೇಲಿದ್ದ ಮೇಣದ ತುಂಡನ್ನು ಕಂದು ಹಕ್ಕಿಯೊಂದು ಕುಟುಕುತ್ತಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಎಲ್ಲಾ ಅಂಗಳಕ್ಕೆ ಬನ್ನಿ. ಹೆಣ್ಣಿನ ಕಡೆಯೋರೂ ಬರ್ಲಿ."

ಊರೇ ಸೇರಿತು.

"ತುಂಬಿದ ಗಡಿಗೆ ಒಡೆದಿದ್ರೆ ನೆಲ ಅಂಟಂಟಾಗಿ ಇರುವೆ ಮುತ್ತಿರ್ಬೇಕಿತ್ತು," ಎಂದಳು ಅಸ್ಸಿನಾ. "ನೆಲ ಒಣಗಿದೆ. ಖಾಲಿ ಮಾಡಿ, ಬಳಿದು, ಆಮೇಲೆ ಒಡೆದು, ಗೀರೂ ಎಳೆದಿದಾರೆ. ಯಾವ ತರಕರಡಿಗೆ ಅಷ್ಟು ತಾಳ್ಮೆ? ಇನ್ನು ಹಸಿರೆಲೆ ಮೇಲಿನ ಮೇಣ. ಜೇನಿನ ದಾರಿ ತೋರಿಸೋ ಹಕ್ಕಿಗೆ ಹಾಗೆ ಪಾಲಿಡೋರು ಬೇಟೆಗಾರರು ಮಾತ್ರ. ಸೆವೆರೀನು ಮೇಣಾನೂ ಬಿಡೋನಲ್ಲ. ಕಾಸಿಮು ಎಲ್ರೆದುರು ಕ್ಷೌರದ ಕತ್ತಿ ಕೆಳಗೆ ಕೂತಿದ್ದ. ಉಳಿದೋರ್ಯಾರು, ಅಲೀಫಣ್ಣ?"

ಅಲೀಫಾ ತಲೆ ತಗ್ಗಿಸಿದ. "ಕೈಗೆ ರೂಢಿಯಾಗ್ಬಿಟ್ಟಿದೆ ತಾಯಿ. ಕದಿಯೋವಾಗ್ಲೂ ಹಕ್ಕಿಗೆ ಮೋಸ ಮಾಡೋಕಾಗ್ಲಿಲ್ಲ. ಜೇನು ಬಾವೊಬಾಬ್ ಮರದ ಪೊಟರೇಲಿದೆ, ಹನಿಯೂ ಮುಟ್ಟಿಲ್ಲ."

"ಯಾಕಪ್ಪಾ?" ಎಂದ ಕಾಸಿಮು.

"ಮದ್ವೆಯಾದ್ರೆ ನಮ್ಮ ಪದ್ಧತಿಯಂತೆ ಅತ್ತೆ ಮನೆಗೆ ಹೊರಟ್ಹೋಗ್ತೀಯ. ಆಮೇಲೆ ಕಾಡಲ್ಲಿ ನಾನು ಶಿಳ್ಳೆ ಹಾಕಿದ್ರೆ ಓಗೊಡೋರ್ಯಾರೋ? ಇನ್ನೊಂದು ವರ್ಷ ಇರ್ಲಿ ಅಂತ..."

ಮದುಮಗಳು ಅಬೀಬಾ ಬೆರಳು ಮಡಚಿ ಶಿಳ್ಳೆ ಹಾಕಿದಳು. ಆಚೆ ದಡದ ಜಿರಾಫೆಗಳು ಕತ್ತು ಉಳುಕಿಸಿಕೊಂಡು ತಿರುಗಿದವು.

"ಸಾಕಾ ಮಾವ? ಬೇಟೆಗೆ ನಾನೂ ಬರ್ತೀನಿ."

"ನೀವೂ ನಮ್ಮನೆ ಪಕ್ಕಾನೇ ಗುಡಿಸಲು ಹಾಕ್ಕೊಳ್ಳಿ ಬೀಗರೇ," ಎಂದಳು ಅವಳ ತಾಯಿ. "ಮಗನ್ನ ಕೊಟ್ಟೋರು ನಿಮ್ಮನ್ನೂ ಕೊಟ್ಬಿಡಿ."

ಅಲೀಫಾ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದ: "ಹೆಂಡ್ತಿನೂ ಕರ್ಕೊಂಡೇ ಬರ್ಬೇಕಾ?"

ಅವನ ಹೆಂಡತಿ ಸೌಟು ಹಿಡಿದು ಎದ್ದಳು. ಅಲೀಫಾ ಬಾವೊಬಾಬಿನತ್ತ ಓಡಿದ ಓಟಕ್ಕೆ ಚಿರತೆಗಳು ನಾಚಿ ದಾರಿ ಬಿಟ್ಟವು. ಜೇನು ಹೊತ್ತು ಅದಕ್ಕಿಂತ ಜೋರಾಗಿ ಓಡಿ ಬಂದು, ಅತ್ತೆಗೆ ಕೊಡೆಂದು ಮಗನ ಕೈಗಿತ್ತ.