ಆದಂ ಕಾಕ ಹೇಳದೇ ಇದ್ದ ಮಾತು

“ಕೀ... ಕೀ...”

ರಾತ್ರಿ ಹನ್ನೊಂದು ಗಂಟೆ. ಹೊಳೆಯ ಕಡೆಯಿಂದ ಸಣ್ಣ ಸಿಳ್ಳೆಯಂಥ ಸದ್ದು ಬಂತು. ಭವಿತಾ ಪೆನ್ ಎತ್ತಿ ಕಿವಿಗೊಟ್ಟಳು. ಮತ್ತೆ ಬಂತು. ಯಾವುದೋ ಹಕ್ಕಿ ಇರಬೇಕು.

“ಇನ್ನೂ ಮಲಗಲಿಲ್ವಾ?” ಒಳಗಿನಿಂದ ಅಮ್ಮ ಕೂಗಿದರು.

“ಒಂದು ಫಾರಂ ಬಾಕಿ ಉಂಟಮ್ಮ!”

ಫಾರಂ ಕೊಡಲು ನಾಳೆಯೇ ಕಡೆಯ ದಿನ. ಊರಿನ ಹೊಳೆಗೆ ಪಂಚಾಯತ್‌ನವರು ಹೊಸ ಪ್ಲ್ಯಾನ್ ಮಾಡುತ್ತಿದ್ದರು. ಎಲ್ಲಿ ಹೂಳು ತೆಗೆಯಬೇಕು, ಯಾವ ಜಾಗವನ್ನು ಮುಟ್ಟದೆ ಬಿಡಬೇಕು ಎಂದು ತೀರ್ಮಾನಿಸುವ ಮೊದಲು, ಎಲ್ಲೆಲ್ಲಿ ಯಾವ ಪ್ರಾಣಿಗಳಿವೆ ಎಂದು ತಿಳಿಯಬೇಕಿತ್ತು. ಆ ಕೆಲಸ ಆರನೇ ಕ್ಲಾಸಿನವರಿಗೆ ಬಂದಿತ್ತು. ಒಬ್ಬೊಬ್ಬರಿಗೆ ಒಂದೊಂದು ಜಾಗ. ಅಲ್ಲಿಗೆ ಹೋಗಿ ನೋಡಬೇಕು. ಹೊಳೆ ಬಲ್ಲ ಹಿರಿಯರೊಬ್ಬರನ್ನು ಕೇಳಿ ಬರೆಯಬೇಕು.

ಭವಿತಾಳಿಗೆ ಸಿಕ್ಕಿದ್ದು ಹೊಳೆಯ ತಿರುವಿನಲ್ಲಿದ್ದ ಆಳದ ಗುಂಡಿ. ನೋಡಿ ಬರಲು ಎರಡು ಭಾನುವಾರ ಸಿಕ್ಕಿತ್ತು. ಒಂದು ಟಿವಿಗೆ ಹೋಯಿತು, ಇನ್ನೊಂದು ಅತ್ತೆಯ ಮನೆಗೆ.

‘ಕಂಡ ಪ್ರಾಣಿಗಳು’ ಎಂಬಲ್ಲಿ ಅವಳು ‘ಏನೂ ಇಲ್ಲ’ ಎಂದು ಬರೆದಳು. ‘ಹೇಳಿದವರು’ ಎಂಬಲ್ಲಿ ‘ಆದಂ ಕುಂಞಿ’ ಎಂದು ಬರೆದಳು. ಊರಿನವರೆಲ್ಲ ಕಾಕ ಎಂದು ಕರೆಯುವ ಅವರು ಆ ಗುಂಡಿಯಲ್ಲಿ ಬಲೆ ಬೀಸಿ ಮೀನು ಹಿಡಿಯುವವರು. ಭವಿತಾ ಅವರನ್ನು ಕೇಳಿಯೇ ಇರಲಿಲ್ಲ. ಆದರೆ ಅವರ ಹೆಸರಿದ್ದರೆ ಟೀಚರ್ ಮತ್ತೆ ಪ್ರಶ್ನೆ ಕೇಳುವುದಿಲ್ಲ.

ಅಕ್ಷರ ಮಾತ್ರ ದುಂಡಗೆ, ಚಂದ ಬಂದಿತ್ತು.

ಮುಂದಿನ ವಾರ ಪಂಚಾಯತ್ ಹಾಲಿನಲ್ಲಿ ಸಭೆ. ಗೋಡೆಯ ಮೇಲೆ ಹೊಳೆಯ ದೊಡ್ಡ ಮ್ಯಾಪ್. ಹಸಿರು ಕಾಗದ ಅಂಟಿಸಿದ ಕಡೆ ಹೊಳೆಯನ್ನು ಹಾಗೇ ಬಿಡುತ್ತಾರೆ. ಕೆಂಪು ಅಂಟಿಸಿದ ಕಡೆ ಜೆಸಿಬಿ ಇಳಿಯುತ್ತದೆ. ಭವಿತಾಳ ಗುಂಡಿಯ ಮೇಲೆ ಕೆಂಪು ಇತ್ತು.

ಮೂರನೇ ಸಾಲಿನಲ್ಲಿ ಆದಂ ಕಾಕ ಕುಳಿತಿದ್ದರು! ಅವರು ಬರಬಹುದೆಂದು ಭವಿತಾ ಯೋಚಿಸಿಯೇ ಇರಲಿಲ್ಲ. 

“ತಿರುವಿನ ಗುಂಡಿಯಲ್ಲಿ ಏನೂ ಇಲ್ಲ,” ಸೇವಂತಿ ಟೀಚರ್ ಓದಿದರು. “ಹೇಳಿದವರು, ಆದಂ ಕುಂಞಿ.”

ಕಾಕ ತಟ್ಟನೆ ತಲೆ ಎತ್ತಿದರು. ಮ್ಯಾಪ್ ನೋಡಿದರು. ಮಕ್ಕಳ ಬೆಂಚಿನ ಕಡೆ ನೋಡಿದರು. ಭವಿತಾ ತನ್ನ ಚಪ್ಪಲಿಯನ್ನೇ ನೋಡತೊಡಗಿದಳು. ‘ಈಗ ಹೇಳ್ತಾರೆ. ಎಲ್ಲರ ಎದುರು ಹೇಳ್ತಾರೆ.’

ಕಾಕ ನಿಧಾನಕ್ಕೆ ಎದ್ದರು. “ಟೀಚರೇ, ನಾನು ಹೇಳಿದ್ದು ತಪ್ಪಾಯ್ತು. ವಯಸ್ಸಾಯ್ತಲ್ಲ, ಮರೆತೇ ಹೋಯ್ತು. ಅಲ್ಲಿ ನೀರುನಾಯಿ ಉಂಟು. ಹೊಂಗೆ ಮರದ ಬೇರಿನಡಿ ಬಿಲ. ಈಗ ಮರಿಗಳೂ ಉಂಟು. ರಾತ್ರಿ ಸಿಳ್ಳೆ ಹೊಡೀತವೆ, ಕೀ ಕೀ ಅಂತ.”

ಭವಿತಾಳ ಮುಖ ಬಿಸಿಯಾಯಿತು. ಅದು ಹಕ್ಕಿ ಅಲ್ಲ!

“ಎಂತ ಮಾರಾಯ್ರೆ ಕಾಕ!” ಪಂಚಾಯತ್ ಮೆಂಬರ್ ಜಯಪ್ರಕಾಶ್ ಜೋರಾಗಿ ನಕ್ಕರು. “ಐವತ್ತು ವರ್ಷ ಅಲ್ಲೇ ಬಲೆ ಬೀಸಿ ನೀರುನಾಯಿ ಮರೆತು ಹೋಯ್ತಾ? ಮನೆ ದಾರಿಯಾದ್ರೂ ನೆನಪುಂಟಾ?”

ಹಾಲ್ ಇಡೀ ನಕ್ಕಿತು.

“ನನ್ನ ಬಲೆ ಹರಿಯುದು ಅವೇ ಅಲ್ವಾ? ಹೆಸರು ಹೇಳ್ಲಿಕ್ಕೂ ಸಿಟ್ಟು ಬರ್ತದೆ!” ಕಾಕನೂ ನಕ್ಕರು. ಆದರೆ ಅವರ ಕಿವಿ ಕೆಂಪಾಗಿತ್ತು.

ಟೀಚರ್ ಕೆಂಪು ಕಾಗದ ಕಿತ್ತು ಹಸಿರು ಅಂಟಿಸಿದರು.

ಸಭೆ ಮುಗಿದ ಮೇಲೆ ಭವಿತಾ ಗೇಟಿನ ಬಳಿ ಕಾದು ನಿಂತಳು.

“ಕಾಕ, ನಾನು...”

“ಒಂದು ದಿನ ಬೆಳಿಗ್ಗೆ ಬೇಗ ಬಾ ಮಗಾ, ಅಪ್ಪನನ್ನು ಕರ್ಕೊಂಡು. ಗುಂಡಿಯ ಕಲ್ಲಿನ ಮೇಲೆ ಏಡಿ ಚಿಪ್ಪು ಬಿದ್ದಿರ್ತದೆ, ಅವು ತಿಂದು ಬಿಟ್ಟದ್ದು. ನೋಡಿ ಬರಿ.”

“ಟೀಚರಿಗೆ ಹೇಳ್ತೀರಾ?” ಅವಳ ಸ್ವರ ಅವಳಿಗೇ ಕೇಳಿಸಲಿಲ್ಲ.

ಕಾಕ ಕಂಕುಳಲ್ಲಿದ್ದ ಕೊಡೆಯನ್ನು ಕೈಗೆ ತೆಗೆದುಕೊಂಡರು.

“ಯಾರಿಗೂ ಹೇಳುದಿಲ್ಲ,” ಎಂದು ಕೊಡೆ ಬಿಡಿಸಿ ಹೊರಟರು.

“ಕಾಕಾ, ಮನೆ ಆ ಕಡೆ ಅಲ್ಲ, ಈ ಕಡೆ!” ಸಭೆ ಮುಗಿಸಿ ಎದುರಿನ ಹೋಟೆಲಿನ ಬೆಂಚಿನಲ್ಲಿ ಕುಳಿತಿದ್ದ ಯಾರೋ ಕೂಗಿದರು. ಅಲ್ಲಿದ್ದವರೆಲ್ಲ ಮತ್ತೆ ನಕ್ಕರು. ಕಾಕ ಕೈ ಬೀಸಿ ಮುಂದೆ ನಡೆದರು.

ಆ ನಗು ನಿಜಕ್ಕೂ ಯಾರಿಗೆ ಸೇರಬೇಕಿತ್ತೆಂದು ಆ ರಸ್ತೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.